ಹಿಮಕ್ಕೂ ಒಂದು ಹದವಿದೆ

ಫೆಬ್ರವರಿ ತಿಂಗಳು ಬಂದಿತೆಂದರೆ ನಮ್ಮ ಧಾರವಾಡ ಜಿಲ್ಲೆಯ ಜನರಿಗೆ ಕುಂದಗೋಳ ತಾಲೂಕಿನ ಬೆಟದೂರು ನೆನಪಾಗುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಭಾರೀ ಗೋಡೆಯೊಂದು ಕುಸಿದುಬಿದ್ದು, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಯೋಧರು ಅದರಡಿ ಸಿಲುಕಿದರು. ಹಾಸನದ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಅವರೂ ಆ ಹತ್ತು ಮಂದಿಯಲ್ಲಿದ್ದರು. ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರನ್ನು ಮಾತ್ರ ಆರನೆಯ ದಿನದ ರಾತ್ರಿ ಇಪ್ಪತ್ತೈದು ಅಡಿಗೂ ಹೆಚ್ಚಿನ ಆಳದಿಂದ ಜೀವಸಹಿತ ಹೊರತೆಗೆಯಲಾಯಿತು. ಮೂರು ದಿನ ದೇಶಕ್ಕೆ ದೇಶವೇ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಆ ದಿನಗಳಲ್ಲಿ ನಾವೆಲ್ಲರೂ ಮತ್ತೆ ಮತ್ತೆ ಆಡಿದ ಮಾತು "ಪವಾಡ" ಎಂಬುದು. ಆ ಪದದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ಒಂದು ಕೆಲಸ ಮಾಡುತ್ತದೆ. ಬದುಕಿದರೆ ಪವಾಡ, ಸತ್ತರೆ ಹಣೆಬರಹ ಎಂದು ಒಮ್ಮೆ ಹೇಳಿಬಿಟ್ಟರೆ ನಡುವೆ ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದುಹೋಗುತ್ತವೆ. ಹಿಮ ಏಕೆ ಕುಸಿಯುತ್ತದೆ? ಯಾವಾಗ ಕುಸಿಯುತ್ತದೆ? ಅದನ್ನು ಮೊದಲೇ ತಿಳಿಯಲು ಬರುತ್ತದೆಯೆ? ಈ ಪ್ರಶ್ನೆಗಳನ್ನು ಕೇಳುವ ಅಗತ್ಯ ನಮ್ಮ ಬಯಲುಸೀಮೆಯವರಿಗೆ ಹಿಂದೆ ಇರಲಿಲ್ಲ. ಈಗ ಇದೆ.

ಏಕೆಂದರೆ ಈಗ ಹಿಮಕ್ಕೆ ಹೋಗುವವರು ಸೈನಿಕರಷ್ಟೇ ಅಲ್ಲ. ನನ್ನ ಶಿಷ್ಯರಲ್ಲಿ ಅನೇಕರು ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿದ್ದಾರೆ. ಡಿಸೆಂಬರ್ ಬಂದಿತೆಂದರೆ ಬೆನ್ನಿಗೆ ಚೀಲವೇರಿಸಿ ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಚಾರಣಕ್ಕೆಂದು ಹೊರಡುತ್ತಾರೆ. ನಮ್ಮ ಮನೆತನದಲ್ಲಿಯೇ ಈ ಹುಚ್ಚು ಹಿಡಿದವರು ಇಬ್ಬರಿದ್ದಾರೆ. ಮೊಣಕಾಲುದ್ದದ ಹಿಮದಲ್ಲಿ ನಿಂತ ಫೋಟೋಗಳನ್ನು ಕಳಿಸುತ್ತಾರೆ. ನೋಡಿ ಸಂತೋಷಪಡುತ್ತೇನೆ. ಆದರೆ ಗಣಿತದ ಮೇಷ್ಟರ ಕಣ್ಣು ಮೊದಲು ಹೋಗುವುದು ಹಿಂದಿರುವ ಇಳಿಜಾರಿನ ಕೋನದ ಕಡೆಗೆ. ಕೆಲಗೇರಿಯ ಕೆರೆಯ ದಂಡೆಯಲ್ಲಿ ಬೆಳಗಿನ ಮಂಜನ್ನು ಬಿಟ್ಟರೆ ಬೇರೆ ಹಿಮ ಕಾಣದ ಮುದುಕನಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಶಿಷ್ಯರು ಹೋದಲ್ಲೆಲ್ಲ ಮೇಷ್ಟರ ಚಿಂತೆಯೂ ಹಿಂಬಾಲಿಸುತ್ತದೆ ಎಂಬುದೇ ನನ್ನ ಉತ್ತರ.

ಮೊದಲಿಗೆ ಭಾಷೆಯ ಒಂದು ತೊಡಕು. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಸುರಿದರೂ "ಹಿಮಪಾತ" ಎನ್ನುತ್ತವೆ, ಬೆಟ್ಟದ ಇಳಿಜಾರಿನಿಂದ ಹಿಮದ ರಾಶಿ ಜಾರಿ ಬಂದು ಜನರನ್ನು ಹೂತರೂ "ಹಿಮಪಾತ" ಎನ್ನುತ್ತವೆ. ಮಳೆಗೂ ಪ್ರವಾಹಕ್ಕೂ ಒಂದೇ ಹೆಸರಿಟ್ಟಂತೆ ಇದು. ಸುರಿಯುವುದನ್ನು ಹಿಮಪಾತವೆಂದೂ ಕುಸಿಯುವುದನ್ನು ಹಿಮಕುಸಿತವೆಂದೂ ಕರೆಯೋಣ. ಮೊದಲನೆಯದನ್ನು ನೋಡಲು ನೀವು ಹಣ ಕೊಟ್ಟು ಹೋಗುತ್ತೀರಿ. ಎರಡನೆಯದು ನಿಮ್ಮನ್ನು ಕೇಳದೆ ಬರುತ್ತದೆ.

ನಮ್ಮ ಕಡೆಯ ಒಕ್ಕಲಿಗನನ್ನು ನೆನೆದುಕೊಳ್ಳಿ. ಕೂರಿಗೆ ಹೂಡುವ ಮೊದಲು ಆತ ಹೊಲಕ್ಕೆ ಹೋಗಿ, ಮಣ್ಣನ್ನು ಕೈಯಲ್ಲಿ ಹಿಡಿದು, ಹಿಂಡಿ, ಉದುರಿಸಿ ನೋಡುತ್ತಾನೆ. ಮೇಲೆ ಹಸಿಯಾಗಿ ಕಂಡ ಮಾತ್ರಕ್ಕೆ ಬಿತ್ತುವುದಿಲ್ಲ. ಒಳಗೆ ಎಷ್ಟು ಆಳಕ್ಕೆ ತೇವ ಇಳಿದಿದೆ ಎಂದು ಬಗೆದು ನೋಡುತ್ತಾನೆ. ಇದಕ್ಕೆ "ಹದ ನೋಡುವುದು" ಎನ್ನುತ್ತೇವೆ. ಹಿಮಕ್ಕೂ ಒಂದು ಹದವಿದೆ. ಅದೂ ಮೇಲ್ನೋಟಕ್ಕೆ ಕಾಣುವುದಿಲ್ಲ.

ಚಳಿಗಾಲವಿಡೀ ಬೆಟ್ಟದ ಮೇಲೆ ಬೀಳುವ ಹಿಮ ಒಂದೇ ರಾಶಿಯಾಗಿ ಕೂಡುವುದಿಲ್ಲ. ಪದರ ಪದರವಾಗಿ ಕೂಡುತ್ತದೆ. ಒಂದು ಸಲ ಬಿದ್ದದ್ದು ಗಟ್ಟಿ, ಇನ್ನೊಂದು ಸಲ ಬಿದ್ದದ್ದು ಹಗುರ. ನಡುವೆ ಬಿಸಿಲು ಬಿದ್ದರೆ ಮೇಲೆ ಹೆಪ್ಪು, ಗಾಳಿ ಬೀಸಿದರೆ ಬಿಗಿಯಾದ ಹಲಗೆ. ಹಿಮದ ಹೊದಿಕೆ ತೆಳ್ಳಗಿದ್ದು ಚಳಿ ವಿಪರೀತವಾಗಿದ್ದಲ್ಲಿ ಇನ್ನೊಂದು ಕ್ರಿಯೆ ನಡೆಯುತ್ತದೆ. ನೆಲದ ಹತ್ತಿರ ಸ್ವಲ್ಪ ಬೆಚ್ಚಗೆ, ಮೇಲ್ಮೈಯಲ್ಲಿ ಕಡುಶೀತ ಇರುವುದರಿಂದ ಒಳಗಿನ ನೀರಾವಿ ಮೇಲೇರುತ್ತ, ಕೆಳಪದರದ ಹಿಮವನ್ನು ಒಂದಕ್ಕೊಂದು ಅಂಟದ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಉದುರುತ್ತದೆ. ಓರೆಯಾದ ಕಣದ ಮೇಲೆ ಜೋಳದ ಕಾಳು ಹರವಿ, ಅದರ ಮೇಲೆ ದೊಡ್ಡ ಹಲಗೆಯನ್ನಿಟ್ಟು, ಹಲಗೆಯ ಮೇಲೆ ಮಕ್ಕಳನ್ನು ಕುಣಿಯಲು ಬಿಟ್ಟರೆ ಏನಾದೀತು? ಬಲಹೀನ ಪದರದ ಮೇಲೆ ಕೂತ ಹೊಸ ಹಿಮದ ಸ್ಥಿತಿ ಅದೇ. ಅದಕ್ಕೆ ಒಬ್ಬ ಮನುಷ್ಯನ ತೂಕ ಸಾಕು. ಹಿಮಕುಸಿತದಲ್ಲಿ ಸಿಲುಕಿದ ಚಾರಣಿಗರ ಪೈಕಿ ಬಹುಪಾಲು ಪ್ರಸಂಗಗಳಲ್ಲಿ ಕುಸಿತವನ್ನು ಎಬ್ಬಿಸಿದವರು ಅವರೇ, ಇಲ್ಲವೆ ಅವರ ಸಂಗಡಿಗರೇ ಎಂಬುದು ಈ ಶಾಸ್ತ್ರದಲ್ಲಿ ಚೆನ್ನಾಗಿ ತಿಳಿದ ಸಂಗತಿ. ಇದು ಹಣೆಬರಹವಲ್ಲ; ಹೆಜ್ಜೆಬರಹ.

ಆ ಹಲಗೆಯ ಭಾರವೆಷ್ಟು? ಲೆಕ್ಕ ಮಾಡಿ. ಐವತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಪದರ ಎಂದರೆ 1,250 ಘನಮೀಟರ್. ಘನಮೀಟರಿಗೆ 200 ಕಿಲೋ ಎಂದು ಹಿಡಿದರೂ 250 ಟನ್. ಹತ್ತು ಟನ್ ಹೊರುವ ಇಪ್ಪತ್ತೈದು ಲಾರಿಗಳ ಹೇರು. ಜಾರುವಾಗ ನೀರಿನಂತೆ ಹರಿಯುವ ಅದು ನಿಂತ ಕೂಡಲೆ ಗಚ್ಚಿನಂತೆ ಬಿಗಿದುಕೊಳ್ಳುತ್ತದೆ. ಒಳಗಿದ್ದವನು ಕೈಬೆರಳನ್ನೂ ಆಡಿಸಲಾರ. ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಮೂವರಲ್ಲಿ ಒಬ್ಬರಷ್ಟೆ. ಹನುಮಂತಪ್ಪ ಅವರು ಆರು ದಿನ ಉಳಿದದ್ದು ಡೇರೆಯೊಳಗೆ ಗಾಳಿಯ ಪೊಳ್ಳು ಉಳಿದಿದ್ದರಿಂದ ಎಂದು ಆಗ ಹೇಳಲಾಯಿತು. ಅದನ್ನು ನಂಬಿಕೊಂಡು ಯಾರೂ ಬೆಟ್ಟ ಹತ್ತಲಾಗದು. ಹದಿನೈದು ನಿಮಿಷದೊಳಗೆ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಸಂಗಡಿಗರೇ ಅಗೆಯಬೇಕು. ಆದುದರಿಂದಲೇ ತಿಳಿದವರು ಮೈಗೆ ಕಟ್ಟಿಕೊಳ್ಳುವ ಸಂಕೇತಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಉದ್ದ ಸಲಾಕೆ, ಸಲಿಕೆ ಈ ಮೂರೂ ಇಲ್ಲದೆ ಕಡಿದಾದ ಹಿಮದ ಇಳಿಜಾರಿಗೆ ಕಾಲಿಡುವುದಿಲ್ಲ.

ಹಾಗಾದರೆ ಹದ ನೋಡುವ ಬಗೆ ಹೇಗೆ? ಮೊದಲನೆಯದು ಕೋನ. "ಸರ್, ಈ ಸೈನ್, ಕಾಸ್, ಟ್ಯಾನ್ ಎಲ್ಲ ಮುಂದೆ ಯಾವ ಉಪಯೋಗಕ್ಕೆ?" ಎಂದು ಹತ್ತನೆಯ ತರಗತಿಯಲ್ಲಿ ಕೇಳುತ್ತಿದ್ದವರಿಗೆ ಇಲ್ಲಿ ಉತ್ತರವಿದೆ. ಪದರ ಕಳಚಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿಮೆಯಿದ್ದರೆ ಜಾರುವ ಬಲ ಸಾಲದು. ತೀರ ಕಡಿದಾಗಿದ್ದರೆ ಹಿಮ ಕೂಡಿಕೊಳ್ಳುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಉದುರಿಹೋಗುತ್ತದೆ. ನಕ್ಷೆಯ ಸಮೋನ್ನತಿ ರೇಖೆಗಳನ್ನು ನೋಡಿ. 40 ಮೀಟರ್ ಎತ್ತರ ಏರಲು ಸಮತಲದಲ್ಲಿ 70 ಮೀಟರಿಗಿಂತ ಕಡಿಮೆ ದೂರವಿದ್ದರೆ ಇಳಿಜಾರು 30 ಡಿಗ್ರಿಯ ಆಸುಪಾಸಿನಲ್ಲಿದೆ ಅಥವಾ ಅದನ್ನು ಮೀರಿದೆ ಎಂದೇ ಅರ್ಥ. ಇಷ್ಟನ್ನು ಮನೆಯಲ್ಲಿ ಕುಳಿತೇ ಹೇಳಬಹುದು. ನೀವು ನಿಂತ ಜಾಗ ಸಪಾಟಾಗಿದ್ದರೆ ಸಾಲದು, ನಿಮ್ಮ ತಲೆಯ ಮೇಲಿನ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು ಹವೆ. ಒಂದೇ ದಿನದಲ್ಲಿ ಮೊಣಕಾಲು ಮುಟ್ಟುವಷ್ಟು ಹೊಸ ಹಿಮ ಬಿದ್ದಿದೆಯೆ? ಗಾಳಿ ಒಂದು ಮಗ್ಗುಲಿನ ಹಿಮವನ್ನು ಹೊತ್ತು ಇನ್ನೊಂದು ಮಗ್ಗುಲಿನಲ್ಲಿ ಪೇರಿಸಿದೆಯೆ? ಹಿಮದ ಮೇಲೆ ಮಳೆ ಬಿದ್ದಿದೆಯೆ? ಇದ್ದಕ್ಕಿದ್ದಂತೆ ಬಿಸಿಲೇರಿದೆಯೆ? ಈ ಕಡೆಯ ಮಾತು ನಮ್ಮೂರಿನವರಿಗೆ ಅರ್ಥವಾಗುತ್ತದೆ. ಶ್ರಾವಣದ ಜಡಿಮಳೆಯಲ್ಲಿ ನೆನೆದ ಮಣ್ಣಿನ ಗೋಡೆ ಮಳೆ ಸುರಿಯುವಾಗ ನಿಂತಿರುತ್ತದೆ. ಮಳೆ ನಿಂತು ಎಳೆಬಿಸಿಲು ಬಿದ್ದು, ಮನೆಯವರು "ಇನ್ನು ಪಾರಾದೆವು" ಎಂದು ಅಂಗಳಕ್ಕೆ ಬರುವ ಹೊತ್ತಿಗೆ ಕುಸಿಯುವುದನ್ನು ನಾವು ಕಂಡಿದ್ದೇವೆ. ಬೆಟ್ಟದಲ್ಲಿಯೂ ಹಿಮ ಸುರಿದು ನಿಂತ ಮರುದಿನ ಆಕಾಶ ನೀಲಿಯಾಗಿ, ಎಲ್ಲರ ಮನಸ್ಸೂ ಹಗುರವಾಗಿರುವಾಗ ಅಪಾಯ ಹೆಚ್ಚಾಗಿರುತ್ತದೆ.

ಮೂರನೆಯದು ಹಿಮವೇ ಕೊಡುವ ಸೂಚನೆ. ಅಕ್ಕಪಕ್ಕದ ಇಳಿಜಾರಿನಲ್ಲಿ ಇತ್ತೀಚೆಗೆ ಕುಸಿದ ಗುರುತು ಕಂಡರೆ ನಿಮ್ಮ ಇಳಿಜಾರಿನ ಗತಿಯೂ ಅದೇ ಎಂದು ತಿಳಿಯಿರಿ. ಹೆಜ್ಜೆಯಿಟ್ಟಾಗ ಹಿಮದ ಮೇಲ್ಮೈಯಲ್ಲಿ ಬಿರುಕು ಓಡಿದರೆ ಅದು ಎರಡನೆಯ ಸೂಚನೆ. ಹಗೇವಿನ ಮೇಲೆ ಕಾಲಿಟ್ಟಾಗ ಬರುವಂಥ "ಧುಮ್" ಎಂಬ ಪೊಳ್ಳು ಸದ್ದು ಕೇಳಿದರೆ ಒಳಗಿನ ಬಲಹೀನ ಪದರ ಕುಸಿಯಿತೆಂದು ಅರ್ಥ. ಆಮೇಲೆ ಚರ್ಚೆ ಬೇಕಿಲ್ಲ, ಬಂದ ದಾರಿಯಲ್ಲಿ ಹಿಂದಿರುಗಬೇಕು. ಬಲ್ಲವರು ಗುಂಡಿ ತೋಡಿ, ಪದರಗಳನ್ನು ಮುಟ್ಟಿ, ತಟ್ಟಿ ಪರೀಕ್ಷಿಸುತ್ತಾರೆ. ಆದರೆ ಒಂದು ಗುಂಡಿ ಹೇಳುವುದು ಆ ಜಾಗದ ಮಾತನ್ನು ಮಾತ್ರ. ಹತ್ತು ಮಾರು ಆಚೆ ಹದ ಬೇರೆ ಇರಬಹುದು. ಪರೀಕ್ಷೆ ಕೆಟ್ಟದಾಗಿ ಬಂದರೆ ನಂಬಿ, ಚೆನ್ನಾಗಿ ಬಂದರೆ ಪೂರ್ತಿ ನಂಬಬೇಡಿ ಎಂಬುದು ಅದನ್ನು ಮಾಡುವವರ ನಿಯಮ.

ಇನ್ನು ಮುನ್ಸೂಚನೆಯ ಮಾತು. ನಮ್ಮ ದೇಶದಲ್ಲಿ 1969ರಷ್ಟು ಹಿಂದೆಯೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನಕ್ಕೆಂದು ರಕ್ಷಣಾ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಹುಟ್ಟಿತು. 2020ರಲ್ಲಿ ಅದನ್ನು ಇನ್ನೊಂದು ಪ್ರಯೋಗಾಲಯದೊಡನೆ ಸೇರಿಸಿ ಚಂಡೀಗಢದಲ್ಲಿ ಹೊಸ ಸಂಸ್ಥೆಯಾಗಿ ರೂಪಿಸಲಾಯಿತು. ಅಲ್ಲಿಂದ ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಮುನ್ನೆಚ್ಚರಿಕೆಗಳು ಹೊರಡುತ್ತವೆ. 2025ರ ಫೆಬ್ರವರಿ 28ರಂದು ಬದರಿನಾಥದಾಚೆಯ ಮಾಣಾ ಗ್ರಾಮದ ಬಳಿ ಗಡಿರಸ್ತೆಯ ಕಾರ್ಮಿಕರ ಶಿಬಿರ ಹಿಮದಡಿ ಹೂತಾಗ 54 ಮಂದಿಯಲ್ಲಿ 46 ಜನ ಬದುಕುಳಿದು 8 ಮಂದಿ ಸತ್ತರು. ಚಮೋಲಿ ಜಿಲ್ಲೆಯ ಎತ್ತರದ ಪ್ರದೇಶಗಳಿಗೆ ಹಿಂದಿನ ಸಂಜೆಯೇ ಎಚ್ಚರಿಕೆ ಹೊರಟಿತ್ತು. ಎಚ್ಚರಿಕೆ ಹೊರಡುವುದು ಬೇರೆ, ಅದು ಡೇರೆಯಲ್ಲಿ ಮಲಗಿದವನ ಕಿವಿಗೆ ತಲುಪಿ ಅವನು ಎದ್ದು ಹೋಗುವಂತಾಗುವುದು ಬೇರೆ.

ಈ ಮುನ್ಸೂಚನೆಯನ್ನು ಓದುವಾಗ ನನ್ನ ಶಿಷ್ಯರು ಮಾಡಬಹುದಾದ ಒಂದು ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಯುರೋಪಿನಲ್ಲಿ 1993ರಲ್ಲಿ ರೂಪುಗೊಂಡ ಅಪಾಯದ ಮಾನದಲ್ಲಿ ಐದು ಹಂತಗಳಿವೆ. ಐದಕ್ಕೆ ಮೂರು ಎಂದ ಕೂಡಲೆ ನಮ್ಮವರ ಮನಸ್ಸು "ನೂರಕ್ಕೆ ಅರವತ್ತು, ಪ್ರಥಮ ದರ್ಜೆ" ಎಂದು ಲೆಕ್ಕ ಹಾಕುತ್ತದೆ. ಇಲ್ಲಿ ಮೂರು ಎಂದರೆ ಸಾಧಾರಣವಲ್ಲ, ಗಣನೀಯ ಅಪಾಯ. ಒಂದು ಹಂತದಿಂದ ಮುಂದಿನದಕ್ಕೆ ಅಪಾಯ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಆಲ್ಪ್ಸ್ ಪರ್ವತಗಳಲ್ಲಿ ಹೆಚ್ಚು ಜನ ಸಾಯುವುದು ಈ ಮೂರನೆಯ ಹಂತದ ದಿನಗಳಲ್ಲಿಯೇ. ನಾಲ್ಕು, ಐದರ ದಿನ ಎಲ್ಲರೂ ಹೆದರಿ ಒಳಗಿರುತ್ತಾರೆ. ಮೂರರ ದಿನ ಧೈರ್ಯ ಮಾಡಿ ಹೊರಡುತ್ತಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: "ಜೊತೆಗೆ ಮಾರ್ಗದರ್ಶಿ ಇರುತ್ತಾನೆ, ನಾವೇಕೆ ಕಲಿಯಬೇಕು?" ಮಾರ್ಗದರ್ಶಿಯನ್ನು ನಂಬಬೇಕು, ನಿಜ. ಆದರೆ ತಿಳಿವಳಿಕೆಯೂ ಕವಚವಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳ ತಂಡ ದ್ರೌಪದಿ ಕಾ ಡಾಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಲುಕಿ 29 ಮಂದಿ ಹಿಂದಿರುಗಲಿಲ್ಲ. ನಮ್ಮ ರಾಜ್ಯದವರೂ ಅವರಲ್ಲಿದ್ದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಹದಿನಾರು ದಿನಗಳ ಅಂತರದಲ್ಲಿ ಎವರೆಸ್ಟ್, ಮಕಾಲು ಎರಡನ್ನೂ ಏರಿದ್ದ ಬೋಧಕಿ ಸವಿತಾ ಕಂಸ್ವಾಲ್ ಅವರೂ ಇದ್ದರು. ಹಿಮಕ್ಕೆ ನಿಮ್ಮ ಪ್ರಮಾಣಪತ್ರ ಓದಲು ಬರುವುದಿಲ್ಲ. ಬಲ್ಲವರೇ ಎಡವುವ ಜಾಗದಲ್ಲಿ ಹದಿನೈದು ಮಂದಿಯ ಕಣ್ಣುಗಳು ಒಬ್ಬ ಮಾರ್ಗದರ್ಶಿಯ ಎರಡು ಕಣ್ಣುಗಳಿಗೆ ನೆರವಾಗಬೇಕೇ ಹೊರತು ಅವನ ಬೆನ್ನನ್ನು ಮಾತ್ರ ನೋಡುತ್ತ ನಡೆಯಬಾರದು. ಬಾದಾಮಿಯ ಬಂಡೆಗಳನ್ನು ಹತ್ತಿ ಪಳಗಿದವರಿಗೂ ಇದೇ ಮಾತು. ಬಂಡೆ ನಿನ್ನೆ ಇದ್ದಂತೆ ಇಂದೂ ಇರುತ್ತದೆ. ಹಿಮ ಒಂದೇ ರಾತ್ರಿಯಲ್ಲಿ ಸ್ವಭಾವ ಬದಲಿಸುತ್ತದೆ.

ಹಿಮಕುಸಿತವೊಂದೇ ಅಪಾಯವೂ ಅಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ, ಕರ್ನಾಟಕದ ಚಾರಣಿಗರಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಕುಸಿದದ್ದು ಬೆಟ್ಟವಲ್ಲ. ಗಾಳಿ ಮತ್ತು ಶೀತ ಅವರನ್ನು ಕೊಂದವು. ಅಲ್ಲಿ ಯಾರು ಏನು ಮಾಡಬೇಕಿತ್ತು ಎಂದು ದೂರದಿಂದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಅವರಲ್ಲಿ ಅನುಭವಿಗಳಿದ್ದರು, ಹಿರಿಯರಿದ್ದರು. ಜೂನ್ ತಿಂಗಳೆಂದರೆ ನಮಗೆ ಶಾಲೆ ಆರಂಭವಾಗುವ, ಮುಂಗಾರು ಬಿತ್ತುವ ತಿಂಗಳು. ಹದಿನಾಲ್ಕು ಸಾವಿರ ಅಡಿಯ ಮೇಲೆ ಆ ಪಂಚಾಂಗ ನಡೆಯುವುದಿಲ್ಲ ಎಂಬಷ್ಟನ್ನು ಮಾತ್ರ ನಾವು ಕಲಿತುಕೊಳ್ಳಬೇಕು.

ಎರಡನೆಯ ಆಕ್ಷೇಪ ಬಾಯಿಬಿಟ್ಟು ಯಾರೂ ಹೇಳದಂಥದ್ದು. ರಜೆ ಕಷ್ಟಪಟ್ಟು ಸಿಕ್ಕಿದೆ. ಹಣ ಕಟ್ಟಿಯಾಗಿದೆ. ವಿಮಾನದ ಟಿಕೆಟ್ ಇದೆ. ಗೆಳೆಯರೆಲ್ಲ ಹೊರಟಿದ್ದಾರೆ, ನಾನೊಬ್ಬ ಬೇಡವೆಂದರೆ ಪುಕ್ಕಲನೆನ್ನುತ್ತಾರೆ. ಮುಂದೆ ಹೋದವರ ಹೆಜ್ಜೆಗಳು ಕಾಣುತ್ತಿವೆ, ಅವರಿಗೇನೂ ಆಗಿಲ್ಲ. ಈ ಕೊನೆಯದು ಬಲು ಮೋಸದ ತರ್ಕ. ಜೋಳದ ಮೇಲಿನ ಹಲಗೆ ಐವತ್ತು ಜನರನ್ನು ತಾಳಿ ಐವತ್ತೊಂದನೆಯವನಿಗೆ ಜಾರಬಹುದು. ಗುಂಪು ದೊಡ್ಡದಾದಷ್ಟೂ ಅನುಮಾನವನ್ನು ಬಾಯಿಬಿಟ್ಟು ಹೇಳುವವರು ಕಡಿಮೆಯಾಗುತ್ತಾರೆ ಎಂಬುದನ್ನು ತರಗತಿಯಲ್ಲಿ ನಾನು ದಿನವೂ ಕಂಡಿದ್ದೇನೆ. "ಅರ್ಥವಾಯಿತೆ?" ಎಂದರೆ ಅರವತ್ತು ಮಕ್ಕಳೂ ತಲೆಯಾಡಿಸುತ್ತಿದ್ದರು. ಅರ್ಥವಾಗದವನು ಒಬ್ಬ ಎದ್ದು ನಿಂತ ದಿನ ಮಾತ್ರ ಇಡೀ ತರಗತಿಗೆ ಪಾಠ ಆಗುತ್ತಿತ್ತು.

ಇಲ್ಲಿ ಬೆಟದೂರಿನ ಯೋಧನಿಗೂ ನಿಮಗೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು. 1984ರ ಏಪ್ರಿಲ್ ತಿಂಗಳಿನಿಂದ ನಮ್ಮ ಸೇನೆ ಸಿಯಾಚಿನ್‌ನಲ್ಲಿ ನಿಂತಿದೆ. ಅಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಹವೆ ಮತ್ತು ಹಿಮ. 2012ರ ಏಪ್ರಿಲ್ 7ರಂದು ಗಡಿಯ ಆಚೆ ಗಯಾರಿಯಲ್ಲಿ ಪಾಕಿಸ್ತಾನದ ಸೇನಾ ಶಿಬಿರದ 140 ಮಂದಿಯನ್ನು ಹೂತುಹಾಕಿದ ಹಿಮಕ್ಕೆ ಯಾರ ಧ್ವಜವೂ ಕಾಣಲಿಲ್ಲ. ಸೋನಂ ಠಾಣೆಯ ಹತ್ತು ಮಂದಿಗೆ ಅಪಾಯ ತಿಳಿದಿತ್ತು, ಆದರೂ ಇರಬೇಕಿತ್ತು. ಇಳಿದು ಹೋಗುವ ಆಯ್ಕೆ ಅವರದಾಗಿರಲಿಲ್ಲ. ನಿಮ್ಮದಾಗಿದೆ. ಹಿಂದಿರುಗುವ ಸ್ವಾತಂತ್ರ್ಯ ಇದ್ದೂ ಅದನ್ನು ಬಳಸದೆ ಮುನ್ನುಗ್ಗುವುದನ್ನು ನಮ್ಮ ಕಡೆಯ ಮಾತಿನಲ್ಲಿ ಧೈರ್ಯ ಎನ್ನುವುದಿಲ್ಲ, ಹುಂಬತನ ಎನ್ನುತ್ತಾರೆ. ಆ ಯೋಧರ ಹೆಸರಿನಲ್ಲಿ ಹುಂಬತನಕ್ಕೆ ಗೌರವ ಬೇಡುವುದು ಅವರಿಗೆ ಮಾಡುವ ಅವಮಾನ.

ಚಾರಣಕ್ಕೆ ಹೋಗಬೇಡಿ ಎನ್ನಲು ಇಷ್ಟನ್ನು ಬರೆಯಲಿಲ್ಲ. ಹೋಗಿ. ಹಿಮಾಲಯವನ್ನು ನೋಡದೆ ಭೂಗೋಳ ಕಲಿತ ನಮ್ಮ ತಲೆಮಾರಿಗಿಂತ ನೀವು ಭಾಗ್ಯವಂತರು. ಆದರೆ ಹಣ ಕಟ್ಟುವ ಮೊದಲು ಕರೆದೊಯ್ಯುವವರಿಗೆ ನಾಲ್ಕು ಪ್ರಶ್ನೆ ಕೇಳಿ. ದಾರಿಯಲ್ಲಿ 30 ಡಿಗ್ರಿ ಮೀರಿದ ಇಳಿಜಾರು ಎಲ್ಲೆಲ್ಲಿ ಬರುತ್ತದೆ, ಅದನ್ನು ಒಬ್ಬೊಬ್ಬರಾಗಿ ದಾಟಿಸುತ್ತೀರಾ? ಹಿಮಕುಸಿತದ ಮುನ್ಸೂಚನೆಯನ್ನು ಪ್ರತಿದಿನ ಯಾರು, ಹೇಗೆ ಪಡೆಯುತ್ತಾರೆ? ಯಂತ್ರ, ಸಲಾಕೆ, ಸಲಿಕೆ ಇವೆಯೆ, ಅವುಗಳನ್ನು ಬಳಸಲು ನಮಗೆ ಕಲಿಸುತ್ತೀರಾ? ಯಾವ ಸ್ಥಿತಿಯಲ್ಲಿ ಹಿಂದಿರುಗುತ್ತೇವೆ ಎಂದು ಹೊರಡುವ ಮೊದಲೇ ತೀರ್ಮಾನವಾಗಿದೆಯೆ? ಈ ಪ್ರಶ್ನೆಗಳಿಗೆ ನಕ್ಕು ಉತ್ತರಿಸುವವರೊಡನೆ ಹೋಗಬೇಡಿ.

ಮನೆಯಲ್ಲಿರುವ ನಮಗೂ ಒಂದು ಕರ್ತವ್ಯವಿದೆ. ತುದಿ ಮುಟ್ಟಿ ಬಂದವನ ಫೋಟೋಕ್ಕೆ ಎಲ್ಲರೂ ಭೇಷ್ ಎನ್ನುತ್ತೇವೆ. ಅರ್ಧಕ್ಕೆ ತಿರುಗಿ ಬಂದವನನ್ನು "ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆಯಾ?" ಎಂದು ಕೇಳುತ್ತೇವೆ. ಬೆಟ್ಟದ ಮೇಲೆ ತಿರುಗಿ ನಿಲ್ಲಬೇಕಾದ ಹೊತ್ತಿನಲ್ಲಿ ಅವನ ಕಿವಿಯಲ್ಲಿ ಕೇಳಿಸುವುದು ಈ ಮಾತೇ. ದೂರದ ಬೆಟ್ಟ ನುಣ್ಣಗೆ ಕಾಣುವುದು ನಮಗೆ. ಹತ್ತಿರ ನಿಂತು ಅದರ ಹದ ನೋಡಿದವನು ಅವನು. ಆದುದರಿಂದ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ತುದಿ ಮುಟ್ಟದೆ ಮನೆಗೆ ಬಂದ ಮಗನನ್ನೋ ಮಗಳನ್ನೋ ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ "ಏಕೆ ಹತ್ತಲಿಲ್ಲ?" ಎಂಬುದಲ್ಲ. "ಹಿಮ ಹೇಗಿತ್ತು, ಏನು ಕಂಡು ಹಿಂದಿರುಗಿದೆ?" ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳುವುದನ್ನು ಪೂರ್ತಿ ಕೇಳಿರಿ.